ಕೋಳಿಮರಿಯ ಬಾಲದ ಬುಡದ ಚೀಲ

ಪ್ರಶ್ನೆ: ನಾನು ಹುಮನಾಬಾದ್ ತಾಲ್ಲೂಕಿನಲ್ಲಿ ಸಣ್ಣ ಕೋಳಿ ಫಾರಂ ನಡೆಸುತ್ತೇನೆ. ಗಂಬೋರೊ ಲಸಿಕೆ ಹಾಕುವಾಗ ಡಾಕ್ಟರ್ ಒಂದು ಮಾತು ಹೇಳಿದರು. ಈ ರೋಗ ಮರಿಯ ಬಾಲದ ಬುಡದಲ್ಲಿರುವ ಒಂದು ಚೀಲವನ್ನು ಹಾಳು ಮಾಡುತ್ತದೆ, ಆ ಚೀಲ ಹೋದರೆ ಬೇರೆ ಲಸಿಕೆಗಳೂ ಸರಿಯಾಗಿ ಹಿಡಿಯುವುದಿಲ್ಲ ಅಂತ. ಮನುಷ್ಯರಿಗೆ ಆ ಚೀಲವೇ ಇಲ್ಲವಂತೆ. ಹಾಗಾದರೆ ನಮಗೆ ಲಸಿಕೆ ಹೇಗೆ ಹಿಡಿಯುತ್ತದೆ? ಭೀಮಾವರಂ ಕಡೆ ಸಿಗಡಿ ಸಾಕುವ ನಮ್ಮ ಭಾವ, ಸಿಗಡಿಗೆ ಕೋಳಿಯ ಹಾಗೆ ಲಸಿಕೆ ಇಲ್ಲ ಅನ್ನುತ್ತಾರೆ. ಅದಕ್ಕೆ ಯಾಕಿಲ್ಲ? ಈ ಶಕ್ತಿ ಮೊದಲು ಯಾವ ಪ್ರಾಣಿಗೆ, ಎಲ್ಲಿಂದ ಬಂತು?

ಉತ್ತರ: ನಿಮ್ಮ ಡಾಕ್ಟರ್ ಹೇಳಿದ್ದು ನಿಜ. ಆ ಚೀಲದ ಹೆಸರು ಬರ್ಸಾ. ಇಟಲಿಯ ಪಡುವಾದಲ್ಲಿದ್ದ ಫ್ಯಾಬ್ರಿಷಿಯಸ್ ಎಂಬ ವೈದ್ಯರು ಅದನ್ನು ಮೊದಲು ವಿವರಿಸಿದರು. ಅವರ ಬರಹ ಅಚ್ಚಾಗಿದ್ದು 1621ರಲ್ಲಿ, ಅವರು ತೀರಿಕೊಂಡ ಮೇಲೆ. ಮರಿಯ ಮಲದ್ವಾರದ ಸ್ವಲ್ಪ ಮೇಲೆ, ಬೆನ್ನಿನ ಕಡೆಗೆ, ಸಣ್ಣ ಬಾರೆಹಣ್ಣಿನ ಹಾಗೆ ಅದು ಕೂತಿರುತ್ತದೆ. ಕತ್ತರಿಸಿದರೆ ಒಳಗೆ ಸೀರೆಯ ನಿರಿಗೆಯಂಥ ಮಡಿಕೆಗಳು. ಮರಿ ಬೆಳೆದು ಮೊಟ್ಟೆಗೆ ಬರುವ ಹೊತ್ತಿಗೆ ಚೀಲ ಕುಗ್ಗಿಹೋಗುತ್ತದೆ. ಬೀದರ್‌ನ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ನಾನು ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಇಷ್ಟು ಚಿಕ್ಕ ಚೀಲದ ಮೇಲೆ ಒಂದು ಮರಿಯ ಬದುಕು ನಿಂತಿದೆ ಎಂದು ಆವತ್ತು ನಂಬುವುದು ಕಷ್ಟವಾಗಿತ್ತು.

ಅದರ ಕೆಲಸ ಏನು ಎಂದು ಮೂರು ನೂರು ವರ್ಷ ಯಾರಿಗೂ ತಿಳಿದಿರಲಿಲ್ಲ. ತಿಳಿದದ್ದು ಆಕಸ್ಮಿಕವಾಗಿ. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದುಹಾಕಿ, ಏನಾಗುತ್ತದೆ ಎಂದು ಕಾದು ನೋಡುತ್ತಿದ್ದರು. ಏನೂ ಆಗಲಿಲ್ಲ. ಮರಿಗಳು ತಿಂದವು, ಬೆಳೆದವು. ಅದೇ ಹೊತ್ತಿಗೆ ಅವರ ಗೆಳೆಯ ಟಿಮೊಥಿ ಚಾಂಗ್‌ಗೆ ಪಾಠಕ್ಕಾಗಿ ಕೆಲವು ಕೋಳಿಗಳು ಬೇಕಾದವು. ರೋಗಾಣು ಒಳಹೊಕ್ಕಾಗ ಕೋಳಿಯ ರಕ್ತದಲ್ಲಿ ಆಂಟಿಬಾಡಿ, ಅಂದರೆ ಪ್ರತಿಕಾಯ, ಹುಟ್ಟುವುದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕಿತ್ತು. ಗ್ಲಿಕ್ ತಮ್ಮಲ್ಲಿ ಉಳಿದಿದ್ದ ಕೋಳಿಗಳನ್ನೇ ಕೊಟ್ಟರು. ಚಾಂಗ್ ಅವಕ್ಕೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಅಂಶ ಚುಚ್ಚಿದರು. ಕೆಲವು ಕೋಳಿಗಳು ಸತ್ತವು. ಬದುಕಿದವುಗಳಲ್ಲಿ ಪ್ರತಿಕಾಯ ಬರಲೇ ಇಲ್ಲ. ಪಾಠ ಕೆಟ್ಟಿತು. ಆದರೆ ಕೆಟ್ಟದ್ದು ಯಾಕೆ ಎಂದು ಇಬ್ಬರೂ ಕೂತು ಯೋಚಿಸಿದರು. ಪ್ರತಿಕಾಯ ಬಾರದ ಕೋಳಿಗಳೆಲ್ಲ ಗ್ಲಿಕ್ ಬರ್ಸಾ ತೆಗೆದುಹಾಕಿದ್ದ ಕೋಳಿಗಳು! ಇದನ್ನು ಬರೆದು ಒಂದು ದೊಡ್ಡ ಪತ್ರಿಕೆಗೆ ಕಳಿಸಿದಾಗ ಅವರು ವಾಪಸ್ ಕಳಿಸಿದರು. ಕೊನೆಗೆ 1956ರಲ್ಲಿ ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕೋಳಿ ಸಾಕುವವರಿಗಾಗಿ ಬರೆದ ಆ ಪುಟಗಳಿಂದ ಇಡೀ ವೈದ್ಯಶಾಸ್ತ್ರವೇ ಮುಂದೆ ಹೊಸದಾಗಿ ಕಲಿಯಬೇಕಾಯಿತು.

ಯಾಕೆಂದರೆ 1965ರಲ್ಲಿ ಮ್ಯಾಕ್ಸ್ ಕೂಪರ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಕೋಳಿಗಳಲ್ಲೇ ಇನ್ನೊಂದು ಸಂಗತಿ ತೋರಿಸಿದರು. ರೋಗದೊಂದಿಗೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಎರಡು ಬೇರೆ ಬೇರೆ ದಂಡುಗಳಿವೆ. ಒಂದು ಬರ್ಸಾದಲ್ಲಿ ತಯಾರಾಗುತ್ತದೆ, ಪ್ರತಿಕಾಯ ಮಾಡುತ್ತದೆ. ಇನ್ನೊಂದು ಥೈಮಸ್ ಎಂಬ ಗ್ರಂಥಿಯಲ್ಲಿ ತಯಾರಾಗುತ್ತದೆ, ರೋಗ ಹೊಕ್ಕ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತದೆ, ಮೊದಲ ದಂಡಿಗೆ ಅಪ್ಪಣೆಯನ್ನೂ ಕೊಡುತ್ತದೆ. ಬರ್ಸಾದ್ದು ಬಿ ಕೋಶ, ಥೈಮಸ್‌ನದು ಟಿ ಕೋಶ. ಇವತ್ತು ಮನುಷ್ಯರ ರಕ್ತ ಪರೀಕ್ಷೆಯಲ್ಲಿ ಬಿ ಸೆಲ್ ಎಂದು ಬರೆಯುತ್ತಾರಲ್ಲ, ಆ ಅಕ್ಷರ ಕೋಳಿಯ ಬರ್ಸಾದಿಂದ ಬಂದದ್ದು.

ಮನುಷ್ಯರಿಗೆ ಬರ್ಸಾ ಇಲ್ಲ, ನಿಜ. ಅದೇ ಕೆಲಸವನ್ನು ನಮ್ಮಲ್ಲಿ ಎಲುಬಿನೊಳಗಿನ ಮಜ್ಜೆ ಮಾಡುತ್ತದೆ. ನಮಗೆ ಲಸಿಕೆ ಹಿಡಿಯುವುದು ಅದರಿಂದ. ಮೀನಿನಲ್ಲಿ ಈ ಕೆಲಸಕ್ಕೆ ಮಜ್ಜೆಯೂ ಇಲ್ಲ, ಬರ್ಸಾವೂ ಇಲ್ಲ. ಕಾರಂಜಾ ಜಲಾಶಯದ ರೋಹು ತಂದು ಸ್ವಚ್ಛ ಮಾಡುವಾಗ ಬೆನ್ನೆಲುಬಿಗೆ ಅಂಟಿಕೊಂಡ ಕಡುಗೆಂಪು ಪಟ್ಟಿ ಕಾಣುತ್ತದೆ, ಬೆರಳಿನಿಂದ ಕೆರೆದು ತೆಗೆಯುತ್ತೇವೆ. ಅದು ಮೀನಿನ ಕಿಡ್ನಿ. ಅದರ ತಲೆಯ ಕಡೆಯ ಭಾಗವೇ ಮೀನಿಗೆ ಮಜ್ಜೆ ಇದ್ದಂತೆ. ಅಂಗ ಬೇರೆ ಬೇರೆ, ಕೆಲಸ ಒಂದೇ. ಹಾಗಾಗಿ ಶಕ್ತಿ ಎಲ್ಲಿಂದ ಬಂತು ಎಂದು ಹುಡುಕುವಾಗ ಚೀಲವನ್ನೇ ನೋಡುತ್ತಾ ಕೂತರೆ ಉತ್ತರ ಸಿಗದು. ಆ ಚೀಲದೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಅದಕ್ಕೂ ಮೊದಲು ಸಿಗಡಿಯ ವಿಷಯ ಹೇಳಿಬಿಡುತ್ತೇನೆ. ಸಿಗಡಿಗೆ ರೋಗ ನಿರೋಧಕ ಶಕ್ತಿ ಇಲ್ಲ ಎಂದಲ್ಲ. ಅದಕ್ಕೆ ಇರುವುದು ಹಳೆಯ ಬಗೆಯದು. 1882ರಲ್ಲಿ ಮೆಚ್ನಿಕಾಫ್ ಎಂಬ ರಷ್ಯಾದ ವಿಜ್ಞಾನಿ ಸಿಸಿಲಿ ದ್ವೀಪದಲ್ಲಿದ್ದಾಗ, ನಕ್ಷತ್ರ ಮೀನಿನ ಗಾಜಿನಂಥ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಅಲೆಮಾರಿ ಜೀವಕೋಶಗಳು ಮುತ್ತಿಕೊಂಡಿದ್ದವು. ಬೆನ್ನೆಲುಬೂ ಇಲ್ಲದ, ರಕ್ತವೂ ಇಲ್ಲದ ಪ್ರಾಣಿ ಅದು. ಆದರೂ ಅದರ ಕೋಶಗಳು ಹೊರಗಿನದನ್ನು ಗುರುತಿಸಿ ನುಂಗಲು ಹೊರಟಿದ್ದವು. ನಿಮ್ಮ ಕೈಗೆ ಜಾಲಿಮುಳ್ಳು ಚುಚ್ಚಿ ಕೀವು ಕಟ್ಟಿದಾಗ ಅಲ್ಲಿ ಸೇರುವುದೂ ಇಂಥ ನುಂಗುವ ಕೋಶಗಳೇ. ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಬಂತು.

ಈ ಹಳೆಯ ಶಕ್ತಿ ರೋಗಾಣುವನ್ನು ಒಂದೊಂದಾಗಿ ಗುರುತಿಸುವುದಿಲ್ಲ. ಬ್ಯಾಕ್ಟೀರಿಯಾದ ಹೊರಗೋಡೆ, ವೈರಸ್ಸಿನ ಆರ್‌ಎನ್‌ಎ, ಬೂಸ್ಟಿನ ಸಿಪ್ಪೆ, ಹೀಗೆ ಶತ್ರುಗಳಲ್ಲಿ ಸಾಮಾನ್ಯವಾಗಿ ಇರುವ ಗುರುತುಗಳನ್ನು ಹಿಡಿಯುತ್ತದೆ. ಹಿಡಿಯುವ ಕೈಗಳ ನಕ್ಷೆ ತಾಯಿ ತಂದೆಯಿಂದಲೇ ಜೀನ್‌ಗಳಲ್ಲಿ ಬಂದಿರುತ್ತದೆ. ಹಣ್ಣಿನ ನೊಣದಲ್ಲಿ ಟೋಲ್ ಎಂಬ ಜೀನ್ ಇದೆ. ಅದು ಕೆಟ್ಟರೆ ನೊಣದ ಮೈಮೇಲೆ ಬೂಸ್ಟು ಬೆಳೆದು ಸಾಯುತ್ತದೆ ಎಂದು 1996ರಲ್ಲಿ ಫ್ರಾನ್ಸಿನ ಜೂಲ್ ಹಾಫ್‌ಮನ್ ಅವರ ತಂಡ ತೋರಿಸಿತು. ಮರುವರ್ಷವೇ ಮನುಷ್ಯರಲ್ಲೂ ಅದರ ನೆಂಟ ಸಿಕ್ಕಿತು. ಇಂಥವು ಈಗ ನಮ್ಮಲ್ಲಿ ಹತ್ತು ಇವೆ ಎಂದು ಗೊತ್ತು. ಸೀ ಅರ್ಚಿನ್ ಎಂಬ ಮೈತುಂಬ ಮುಳ್ಳಿನ ಕಡಲ ಪ್ರಾಣಿಯಲ್ಲಿ 222! ನಾವೇ ಮುಂದುವರಿದವರು, ಅವು ಹಿಂದುಳಿದವು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದು ತನ್ನ ದಾರಿಯಲ್ಲಿ ಹಳೆಯ ಶಕ್ತಿಯನ್ನೇ ಹೆಚ್ಚಿಸಿಕೊಂಡಿದೆ. ನಮ್ಮ ತೊಗರಿ ಗಿಡಕ್ಕೂ ತನ್ನದೇ ಗುರುತು ಹಿಡಿಯುವ ಜೀನ್‌ಗಳಿವೆ. ಗಿಡಗಳಲ್ಲಿ ಬಿ ಕೋಶವೂ ಇಲ್ಲ, ಟಿ ಕೋಶವೂ ಇಲ್ಲ. ಆದರೂ ಕಲಬುರಗಿ ಹೊಲಗಳಲ್ಲಿ ನೆಟೆ ರೋಗ ಬಂದಾಗ ಕೆಲವು ತಳಿ ಒಣಗುತ್ತವೆ, ಮಾರುತಿಯಂಥ ತಳಿ ತಡೆದು ನಿಲ್ಲುತ್ತದೆ.

ಸಿಗಡಿಗೆ ಇರುವುದು ಇಷ್ಟೇ. ನುಂಗುವ ಕೋಶಗಳು, ರಕ್ತ ಹೆಪ್ಪುಗಟ್ಟಿಸಿ ಶತ್ರುವನ್ನು ಕಟ್ಟಿಹಾಕುವ ವಿದ್ಯೆ, ಕೊಲ್ಲುವ ಸಣ್ಣ ಪ್ರೋಟೀನುಗಳು. ಒಮ್ಮೆ ಬಂದ ರೋಗಾಣುವಿಗೆಂದೇ ಅಳತೆ ತೆಗೆದು ಪ್ರತಿಕಾಯ ಮಾಡಿ ಇಟ್ಟುಕೊಳ್ಳಲು ಅದಕ್ಕೆ ಬರುವುದಿಲ್ಲ. ನಮ್ಮ ಲಸಿಕೆಗಳು ನಿಂತಿರುವುದು ಆ ಪ್ರತಿಕಾಯದ ಮೇಲೆ, ಆ ನೆನಪಿನ ಮೇಲೆ. ಅದಕ್ಕೇ ನಿಮ್ಮ ಭಾವ ರೋಗವಿಲ್ಲದ ಮರಿ ತರುವುದು, ಕೊಳ ಶುಚಿಯಾಗಿಡುವುದು ಇವುಗಳನ್ನೇ ನಂಬಬೇಕಾಗಿದೆ. ವೈಟ್ ಸ್ಪಾಟ್ ವೈರಸ್ ಬಂದರೆ ಕೊಳಕ್ಕೆ ಕೊಳವೇ ಹೋಗುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಈಗ ಹೊಸ ಶಕ್ತಿಗೆ ಬರೋಣ. ಹೊಸದು ಎಂದರೂ ಸುಮಾರು 50 ಕೋಟಿ ವರ್ಷ ಹಳೆಯದು.

ಇದರಲ್ಲಿ ಒಂದು ಒಗಟಿತ್ತು. ಜಗತ್ತಿನಲ್ಲಿ ರೋಗಾಣುಗಳಿಗೆ ಲೆಕ್ಕವಿಲ್ಲ. ಹೊಸದು ಹುಟ್ಟುತ್ತಲೇ ಇರುತ್ತವೆ. ಯಾವುದೇ ಬಂದರೂ ಅದಕ್ಕೆ ಹೊಂದುವ ಪ್ರತಿಕಾಯ ನಮ್ಮ ಮೈ ಮಾಡಬಲ್ಲದು. ಆದರೆ ಮನುಷ್ಯನಲ್ಲಿ ಪ್ರೋಟೀನು ಮಾಡುವ ಜೀನ್‌ಗಳೇ ಸುಮಾರು 20,000. ಕೋಟಿಗಟ್ಟಲೆ ಬಗೆಯ ಪ್ರತಿಕಾಯಗಳಿಗೆ ಜೀನ್ ಎಲ್ಲಿಂದ ತರುವುದು? ಜಪಾನಿನ ಸುಸುಮು ಟೊನೆಗಾವ 1976ರಲ್ಲಿ ಉತ್ತರ ತೋರಿಸಿದರು. ಪ್ರತಿಕಾಯದ ಜೀನ್ ಇಡಿಯಾಗಿ ಬರುವುದಿಲ್ಲ. ತುಂಡು ತುಂಡಾಗಿ ಬರುತ್ತದೆ. ಪ್ರತಿಯೊಂದು ಬಿ ಕೋಶವೂ ಬೆಳೆಯುವಾಗ ಆ ತುಂಡುಗಳಲ್ಲಿ ಕೆಲವನ್ನು ಆರಿಸಿ, ಕತ್ತರಿಸಿ, ಜೋಡಿಸಿಕೊಳ್ಳುತ್ತದೆ. 1987ರಲ್ಲಿ ಅವರಿಗೆ ನೊಬೆಲ್ ಬಂತು.

ಖಾನಾವಳಿಯ ಊಟದ ಲೆಕ್ಕ ಹಾಕಿ. 40 ಬಗೆ ಪಲ್ಯ, 23 ಬಗೆ ಚಟ್ನಿ, 6 ಬಗೆ ರೊಟ್ಟಿ ಇವೆ, ಒಂದೊಂದರಲ್ಲಿ ಒಂದನ್ನು ಮಾತ್ರ ತಟ್ಟೆಗೆ ಹಾಕಿಕೊಳ್ಳಬೇಕು ಎಂದುಕೊಳ್ಳಿ. ಎಷ್ಟು ಬಗೆಯ ತಟ್ಟೆ ಆಗುತ್ತದೆ? 5,520. ಪ್ರತಿಕಾಯ ಎರಡು ಬಗೆಯ ಪ್ರೋಟೀನು ಎಳೆಗಳಿಂದ ಆಗಿರುತ್ತದೆ, ಒಂದು ಭಾರದ್ದು, ಇನ್ನೊಂದು ಹಗುರದ್ದು. ನಮ್ಮ ಪ್ರತಿಕಾಯದ ಭಾರದ ಎಳೆಗೆ ಇರುವ ಜೀನ್ ತುಂಡುಗಳು ಸುಮಾರು ಇಷ್ಟೇ. ಜೊತೆಗೆ ಹಗುರ ಎಳೆಯ ತುಂಡುಗಳನ್ನು ಸೇರಿಸಿದರೆ ಹತ್ತು ಲಕ್ಷ ದಾಟುತ್ತದೆ. ತುಂಡು ಸೇರುವ ಅಂಚಿನಲ್ಲಿ ಜೀನಿನ ಬರಹದ ಅಕ್ಷರಗಳು ಕೂಡುವುದು, ಬಿಟ್ಟುಹೋಗುವುದು ಬೇರೆ. ಹಾಗೆ ಲೆಕ್ಕ ಕೈಮೀರುತ್ತದೆ. ಇಲ್ಲಿ ನನಗೆ ಬಹಳ ದೊಡ್ಡದು ಅನಿಸುವ ಸಂಗತಿ ಬೇರೆಯೇ ಇದೆ. ಈ ಜೋಡಣೆ ರೋಗಾಣುವನ್ನು ನೋಡಿ ಆಗುವುದಲ್ಲ. ರೋಗ ಬರುವ ಮೊದಲೇ, ಸುಮ್ನೆ ಕಣ್ಣು ಮುಚ್ಚಿ ಆರಿಸಿದಂತೆ ಆಗಿರುತ್ತದೆ. ರೋಗಾಣು ಬಂದಾಗ ಯಾವ ಕೋಶ ಅದಕ್ಕೆ ಹೊಂದುತ್ತದೋ ಅದು ಸಾವಿರಪಟ್ಟು ಹೆಚ್ಚುತ್ತದೆ. ಕೆಲವು ನೆನಪಿಗಾಗಿ ಉಳಿಯುತ್ತವೆ. ಲಸಿಕೆ ಹಾಕಿದ ದಿನವೇ ಕೆಲಸ ಮಾಡದೆ, ಒಂದೆರಡು ವಾರ ಬೇಕಾಗುವುದು ಈ ಹೆಚ್ಚುವಿಕೆಗೆ.

ಕತ್ತರಿಸುವ ಕತ್ತರಿ ಯಾವುದು? ಅಮೆರಿಕದ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿ ಡೇವಿಡ್ ಶಾಟ್ಜ್ ಮತ್ತು ಮಾರ್ಜರಿ ಓಟಿಂಗರ್ 1989, 1990ರಲ್ಲಿ ಎರಡು ಜೀನ್‌ಗಳನ್ನು ಹಿಡಿದರು. ಹೆಸರು ರ‍್ಯಾಗ್ 1, ರ‍್ಯಾಗ್ 2. ಇವೆರಡೂ ಅಕ್ಕಪಕ್ಕ ಅಂಟಿಕೊಂಡೇ ಇವೆ. ಈ ಜೀನ್‌ಗಳು ಕೆಟ್ಟು ಮಗು ಹುಟ್ಟಿದರೆ ಅದಕ್ಕೆ ಬಿ ಕೋಶವೂ ಇರುವುದಿಲ್ಲ, ಟಿ ಕೋಶವೂ ಇರುವುದಿಲ್ಲ. ಸಣ್ಣ ಸೋಂಕೂ ಜೀವಕ್ಕೆ ಅಪಾಯ. ಶಾರ್ಕ್, ಮೀನು, ಕಪ್ಪೆ, ಓತಿಕ್ಯಾತ, ಕೋಳಿ, ಎಮ್ಮೆ, ಮನುಷ್ಯ, ಹೀಗೆ ದವಡೆ ಇರುವ ಬೆನ್ನೆಲುಬಿನ ಪ್ರಾಣಿಗಳಲ್ಲಿ ಈ ಜೋಡಿ ಇದೆ.

ಹಾಗಾದರೆ ಈ ಜೋಡಿ ಎಲ್ಲಿಂದ ಬಂತು? ನಿಮ್ಮ ಪ್ರಶ್ನೆಯ ತಿರುಳು ಇದೇ ಅಲ್ವಾ?

ಜೀವಿಗಳ ಡಿಎನ್‌ಎಯಲ್ಲಿ ಜಿಗಿಯುವ ಜೀನ್‌ಗಳು ಎಂದು ಇರುತ್ತವೆ. ಗೋವಿನ ಜೋಳದ ಕಾಳಿನ ಬಣ್ಣದ ಚುಕ್ಕೆಗಳನ್ನು ನೋಡುತ್ತಾ ಬಾರ್ಬರಾ ಮೆಕ್ಲಿಂಟಾಕ್ ಇವನ್ನು ಕಂಡುಹಿಡಿದರು. ಇವು ಇದ್ದಲ್ಲಿಂದ ತಮ್ಮನ್ನು ತಾವೇ ಕತ್ತರಿಸಿಕೊಂಡು ಇನ್ನೊಂದೆಡೆ ಹೋಗಿ ಸೇರಿಕೊಳ್ಳುತ್ತವೆ. ಮನೆಯವರಿಗೆ ಇವುಗಳಿಂದ ಸಾಮಾನ್ಯವಾಗಿ ಲಾಭವಿಲ್ಲ. ಕೇಳದೆ ಬಂದು ಉಳಿದ ಬಿಡಾರದವು. ಕತ್ತರಿಸುವ ಪ್ರೋಟೀನು ಇವುಗಳ ಹತ್ತಿರವೇ ಇರುತ್ತದೆ. ಎರಡೂ ತುದಿಗೆ, ಇಲ್ಲಿ ಕತ್ತರಿಸು ಎಂಬ ಗುರುತು ಇರುತ್ತದೆ.

ರ‍್ಯಾಗ್ ಕೂಡ ಹಾಗೇ ಕಾಣುತ್ತದೆ ಎಂದು ಕೆಲವರಿಗೆ ಅನುಮಾನ ಬಂದಿತ್ತು. ಪ್ರತಿಕಾಯದ ತುಂಡುಗಳ ಅಂಚಿನಲ್ಲೂ ಅಂಥದೇ ಗುರುತುಗಳಿವೆ. 1998ರಲ್ಲಿ ಎರಡು ತಂಡಗಳು ಗಾಜಿನ ನಳಿಕೆಯಲ್ಲೇ ಪರೀಕ್ಷೆ ಮಾಡಿದವು. ರ‍್ಯಾಗ್ ಪ್ರೋಟೀನುಗಳು ಒಂದು ಡಿಎನ್‌ಎ ತುಂಡನ್ನು ಕತ್ತರಿಸಿ, ಇನ್ನೊಂದು ಡಿಎನ್‌ಎಯೊಳಗೆ ತೂರಿಸಿದವು. ಕೋಟಿಗಟ್ಟಲೆ ವರ್ಷ ಕಳೆದರೂ ಹಳೆಯ ಚಾಳಿ ಪೂರ್ತಿ ಬಿಟ್ಟಿರಲಿಲ್ಲ. 2005ರಲ್ಲಿ ಕೀಟಗಳಂಥ ಪ್ರಾಣಿಗಳಲ್ಲಿರುವ ಟ್ರಾನ್ಸಿಬ್ ಎಂಬ ಜಿಗಿಯುವ ಜೀನ್, ರ‍್ಯಾಗ್ 1ರ ಹತ್ತಿರದ ನೆಂಟ ಎಂದು ಗೊತ್ತಾಯಿತು. ಆದರೂ ಇಡೀ ಜೋಡಿ ಜಿಗಿಯುವ ರೂಪದಲ್ಲೇ ಎಲ್ಲಾದರೂ ಸಿಗಬೇಕಿತ್ತು. ಅದು 2016ರಲ್ಲಿ ಸಿಕ್ಕಿತು. ಕಡಲ ಮರಳಿನಲ್ಲಿ ಹುದುಗಿರುವ, ಬೆರಳಷ್ಟು ಉದ್ದವೂ ಇಲ್ಲದ ಆಂಫಿಯಾಕ್ಸಸ್ ಎಂಬ ಪ್ರಾಣಿ ಇದೆ. ಬೆನ್ನೆಲುಬು ಇಲ್ಲ, ಆದರೆ ಬೆನ್ನುದ್ದಕ್ಕೂ ಒಂದು ದಂಡ ಇದೆ. ನಮ್ಮ ದೂರದ ದಾಯಾದಿ. ಅದರ ಡಿಎನ್‌ಎಯಲ್ಲಿ ಚೀನಾದ ವಿಜ್ಞಾನಿಗಳು ರ‍್ಯಾಗ್ 1, ರ‍್ಯಾಗ್ 2ರಂಥ ಜೋಡಿಯನ್ನು ಕಂಡರು. ಎರಡೂ ತುದಿಯಲ್ಲಿ ಕತ್ತರಿಸುವ ಗುರುತು ಹಾಗೇ ಇತ್ತು. ಅದಕ್ಕೆ ಪ್ರೋಟೋರ‍್ಯಾಗ್ ಎಂದು ಹೆಸರಿಟ್ಟರು.

ಆದದ್ದು ಬಹುಶಃ ಹೀಗೆ. ನಮ್ಮ ಪೂರ್ವಜ ಪ್ರಾಣಿಯೊಂದರಲ್ಲಿ, ಗುರುತು ಹಿಡಿಯುವ ಕೆಲಸದ ಜೀನ್ ಒಂದಿತ್ತು. ಜಿಗಿಯುವ ಜೀನ್ ಬಂದು ಅದರ ನಟ್ಟನಡುವೆ ಕೂತಿತು. ಜೀನ್ ಎರಡು ತುಂಡಾಯಿತು. ಓದಬೇಕಾದರೆ ನಡುವಿನದನ್ನು ಕತ್ತರಿಸಿ ತೆಗೆದು, ಅಂಚುಗಳನ್ನು ಮತ್ತೆ ಸೇರಿಸಬೇಕು. ಸೇರಿಸುವಾಗ ಪ್ರತಿ ಸಲ ಅಂಚು ಸ್ವಲ್ಪ ಬೇರೆ ಆಗುತ್ತದೆ. ಸಾಮಾನ್ಯ ಜೀನ್‌ಗೆ ಇದು ಕೇಡು. ಗುರುತು ಹಿಡಿಯುವ ಜೀನ್‌ಗೆ ಮಾತ್ರ ಇದು ಭಾಗ್ಯ. ಒಂದೇ ಕೀಲಿ ಇದ್ದಲ್ಲಿ ನೂರಾರು ಕೀಲಿಗಳಾದವು. ಕತ್ತರಿ ಬೇರೆಡೆ ಉಳಿಯಿತು, ಕತ್ತರಿಸುವ ಗುರುತುಗಳು ಮಾತ್ರ ಇಲ್ಲಿ ಉಳಿದವು. ಮುಂದೆ ಆ ತುಂಡುಗಳ ಪ್ರತಿಗಳು ಹೆಚ್ಚಿದವು. ಆ ಕಾಲದಲ್ಲೇ ಬೆನ್ನೆಲುಬಿನ ಪ್ರಾಣಿಗಳ ಪೂರ್ವಜರಲ್ಲಿ ಇಡೀ ಡಿಎನ್‌ಎ ಇಮ್ಮಡಿಯಾದದ್ದೂ ನೆರವಾಯಿತು, ಹೊಸ ಕೆಲಸಕ್ಕೆ ಕೊಡಲು ಹೆಚ್ಚುವರಿ ಜೀನ್‌ಗಳು ಸಿಕ್ಕವು.

ಇದನ್ನು ಓದಿದಾಗ, ದವಡೆ ಬಂದ ಪ್ರಾಣಿಗೇ ಈ ವಿದ್ಯೆ ಬಂತು, ಉಳಿದವಕ್ಕೆ ಇಲ್ಲ ಎನಿಸುತ್ತದೆ. ಬಹಳ ಕಾಲ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಅದನ್ನು ತಿದ್ದಿದವರಲ್ಲಿ ಅದೇ ಮ್ಯಾಕ್ಸ್ ಕೂಪರ್ ಇದ್ದರು, ಕೋಳಿಯ ಬರ್ಸಾದಿಂದ ಶುರು ಮಾಡಿದವರು. ಲ್ಯಾಂಪ್ರೆ ಎಂಬ ಹಾವಿನಂಥ ಜಲಪ್ರಾಣಿಗೆ ದವಡೆ ಇಲ್ಲ. ದುಂಡು ಬಾಯಿಯಿಂದ ಬೇರೆ ಮೀನಿಗೆ ಅಂಟಿಕೊಂಡು ರಕ್ತ ಹೀರುತ್ತದೆ. ಅದರಲ್ಲಿ ರ‍್ಯಾಗ್ ಇಲ್ಲ, ನಮ್ಮಂಥ ಪ್ರತಿಕಾಯವೂ ಇಲ್ಲ. ಆದರೆ 2004ರಲ್ಲಿ ಕೂಪರ್ ಮತ್ತು ಜೊತೆಗಾರರು ಅದರ ರಕ್ತಕಣಗಳಲ್ಲಿ ಬೇರೆಯೇ ಬಗೆಯ, ಕಣ ಕಣಕ್ಕೂ ಬದಲಾಗುವ ಪ್ರೋಟೀನುಗಳನ್ನು ಕಂಡರು. ಅವುಗಳ ಆಕಾರ ನೊಣದ ಟೋಲ್ ಜೀನಿನ ಪ್ರೋಟೀನಿನ ಕಡೆಯದು. ತುಂಡುಗಳನ್ನು ಜೋಡಿಸುವ ಬಗೆ ಬೇರೆ. ಆದರೂ ಅಲ್ಲಿಯೂ ಎರಡು ದಂಡು! ಒಂದು ನಮ್ಮ ಬಿ ಕೋಶದ ಹಾಗೆ ಪ್ರತಿಕಾಯದಂಥದನ್ನು ಹೊರಗೆ ಬಿಡುತ್ತದೆ. ಇನ್ನೊಂದು ಟಿ ಕೋಶದ ಹಾಗೆ, ಕಿವಿರಿನ ತುದಿಯಲ್ಲಿರುವ ಥೈಮಸ್‌ನಂಥ ಜಾಗದಲ್ಲಿ ಬೆಳೆಯುತ್ತದೆ. ಅಂದರೆ ಎರಡು ದಂಡುಗಳ ಏರ್ಪಾಡು ದವಡೆಗಿಂತ ಹಳೆಯದು. ಆಯುಧ ಮಾತ್ರ ಎರಡು ಮನೆಗಳಲ್ಲಿ ಬೇರೆ ಬೇರೆಯಾಗಿ ತಯಾರಾಯಿತು.

ಈಗ ನಿಮ್ಮ ಮರಿಯ ಚೀಲಕ್ಕೆ ವಾಪಸ್ ಬರೋಣ. ಕೋಳಿಯ ಹಗುರ ಎಳೆಯಲ್ಲಿ ರ‍್ಯಾಗ್ ಕೆಲಸ ತೀರ ಕಡಿಮೆ. ಆರಿಸಲು ತುಂಡುಗಳೇ ಇಲ್ಲ. ಮುಖ್ಯವಾದ ಜಾಗದಲ್ಲಿ ಕೆಲಸಕ್ಕೆ ಬರುವ ತುಂಡು ಒಂದೇ ಒಂದು. ಅದರ ಪಕ್ಕದಲ್ಲಿ ಸುಮಾರು 25 ಕೆಟ್ಟುಹೋದ ತುಂಡುಗಳು ಸಾಲಾಗಿವೆ. ಬರ್ಸಾದೊಳಗೆ ಬಿ ಕೋಶಗಳು ಭರದಿಂದ ಹೆಚ್ಚುವಾಗ, ಆ ಹಳೆಯ ತುಂಡುಗಳಿಂದ ಒಂದೊಂದು ಸಾಲನ್ನು ನಕಲು ಮಾಡಿ ಒಳ್ಳೆಯ ತುಂಡಿನೊಳಗೆ ಬರೆದುಕೊಳ್ಳುತ್ತವೆ. ಹಾಗೆ ಒಂದೊಂದು ಕೋಶವೂ ಬೇರೆಯಾಗುತ್ತದೆ. ಹೀಗೆ ನಕಲು ಮಾಡಿಸುವ ಕಿಣ್ವದ ಕುಟುಂಬ ಯಾವುದು ಗೊತ್ತೆ? ಲ್ಯಾಂಪ್ರೆಯಲ್ಲಿ ತುಂಡು ಜೋಡಣೆಗೆ ಬೇಕೆಂದು ನಂಬಲಾಗಿರುವ ಕಿಣ್ವದ್ದೇ. ನಿಮ್ಮ ಫಾರಂನ ಮರಿಯ ಬಾಲದ ಬುಡದಲ್ಲಿ, ರ‍್ಯಾಗ್‌ನಷ್ಟೇ ಹಳೆಯದಾದ ಇನ್ನೊಂದು ವಿದ್ಯೆ ಇವತ್ತೂ ನಡೆಯುತ್ತಿದೆ.

ಗಂಬೋರೊ ವೈರಸ್ ಹುಡುಕಿಕೊಂಡು ಹೋಗುವುದು ಇದೇ ಕೋಶಗಳನ್ನು, ಬರ್ಸಾದಲ್ಲಿ ಹೆಚ್ಚುತ್ತಿರುವ ಎಳೆಯ ಬಿ ಕೋಶಗಳನ್ನು. ಮೂರರಿಂದ ಆರು ವಾರದ ಮರಿಗಳಲ್ಲಿ ರೋಗ ಕಣ್ಣಿಗೆ ಕಾಣುತ್ತದೆ. ಮೂರು ವಾರದ ಒಳಗೆ ತಗಲಿದರೆ ಎಷ್ಟೋ ಸಲ ಮರಿ ಜಡವಾಗುವುದೂ ಇಲ್ಲ. ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಆದರೆ ಒಳಗೆ ಚೀಲ ಬರಿದಾಗಿರುತ್ತದೆ. ಮುಂದೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ, ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಲಸಿಕೆ ಖೋಟಾ ಎಂದು ರೈತರು ಬೇಸರ ಪಡುತ್ತಾರೆ. ಲಸಿಕೆ ಸರಿಯಾಗಿಯೇ ಇರಬಹುದು, ಅದಕ್ಕೆ ಉತ್ತರ ಕೊಡಬೇಕಾದ ಕೋಶಗಳು ಉಳಿದಿರುವುದಿಲ್ಲ.

ಲಸಿಕೆಯ ಬಗ್ಗೆ ಇನ್ನೊಂದು ಮಾತು, ಇದು ಹಳೆಯ ಶಕ್ತಿಗೂ ಹೊಸ ಶಕ್ತಿಗೂ ಇರುವ ನಂಟಿನದು. ಸತ್ತ ರೋಗಾಣುವಿನ ಲಸಿಕೆ ಹಾಲಿನಂತೆ ಬೆಳ್ಳಗೆ, ಮಂದವಾಗಿರುತ್ತದೆ. ಅದರಲ್ಲಿ ಎಣ್ಣೆ ಬೆರೆಸಿರುತ್ತಾರೆ. ಎಣ್ಣೆಯಂಥ ಸಹಾಯಕ ಇಲ್ಲದೆ ಶುದ್ಧ ಪ್ರೋಟೀನನ್ನಷ್ಟೇ ಚುಚ್ಚಿದರೆ ಬಿ ಕೋಶ, ಟಿ ಕೋಶ ಜಾಸ್ತಿ ಅಲುಗುವುದಿಲ್ಲ. ಯಾಕೆ ಎಂದು 1989ರಲ್ಲಿ ಚಾರ್ಲ್ಸ್ ಜೇನ್‌ವೇ ಎಂಬ ವಿಜ್ಞಾನಿ ಕೇಳಿದರು. ಹೊಸ ದಂಡು ಸ್ವಂತ ಬುದ್ಧಿಯಿಂದ ಹೊರಡುವುದಿಲ್ಲ, ಹಳೆಯ ಕಾವಲುಗಾರ ಅಪಾಯ ಇದೆ ಎಂದು ಕೂಗಿದರೆ ಮಾತ್ರ ಹೊರಡುತ್ತದೆ ಎಂದು ಊಹಿಸಿದರು. ಆ ಕೂಗುವವರಲ್ಲಿ ಟೋಲ್‌ನ ನೆಂಟರೂ ಇದ್ದಾರೆ ಎಂದು ಆಮೇಲೆ ಗೊತ್ತಾಯಿತು. ಮೇಲೆ ಹೇಳಿದ ಮನುಷ್ಯರ ಟೋಲ್ ಹಿಡಿದದ್ದೂ ಅವರ ಪ್ರಯೋಗಾಲಯವೇ. ಸಿಗಡಿಗೂ ನಮಗೂ ಸಮಾನವಾದ ಹಳೆಯ ಶಕ್ತಿ ಇವತ್ತಿಗೂ ಹೊಸದರ ಯಜಮಾನ. ಹಾಗಾಗಿ ಸಿಗಡಿಗೆ ಏನೋ ಕೊರತೆ ಎಂದು ನಾನು ಹೇಳಲಾರೆ. ಹೊಸ ಶಕ್ತಿಗೆ ಬೆಲೆಯೂ ಇದೆ. ಕಣ್ಣು ಮುಚ್ಚಿ ಮಾಡಿದ ಕೀಲಿಗಳಲ್ಲಿ ಕೆಲವು ನಮ್ಮದೇ ಮೈಗೆ ಹೊಂದುತ್ತವೆ. ಥೈಮಸ್ ಅಂಥವನ್ನು ಕೊಲ್ಲುತ್ತದೆ, ತಪ್ಪಿಸಿಕೊಂಡವು ಸಂಧಿವಾತದಂಥ ಕಾಯಿಲೆ ತರುತ್ತವೆ. ಆಳ ಕಡಲಿನ ಕೆಲವು ಆಂಗ್ಲರ್ ಮೀನುಗಳಲ್ಲಿ ಗಂಡು ಹೆಣ್ಣಿನ ಮೈಗೆ ಕೂಡಿಕೊಂಡು ಒಂದಾಗುತ್ತದೆ. ಬೇರೆ ಮೈ ಎಂದು ಜಗಳ ಮಾಡದಿರಲು ಅವುಗಳಲ್ಲಿ ಕೆಲವು ರ‍್ಯಾಗ್ ಜೀನನ್ನೇ ಕಳೆದುಕೊಂಡಿವೆ ಎಂದು 2020ರಲ್ಲಿ ಗೊತ್ತಾಯಿತು. ಅವೂ ಬದುಕುತ್ತಿವೆ.

ಲಸಿಕೆ ಹಾಕುವ ದಿನ ಎಂದಿಗೂ ನೀವೇ ಹಿಂದೆ ಮುಂದೆ ಮಾಡಬೇಡಿ. ತಾಯಿಕೋಳಿ ತನ್ನ ಪ್ರತಿಕಾಯವನ್ನು ಮೊಟ್ಟೆಯ ಹಳದಿಯಲ್ಲಿ ಇಟ್ಟು ಕಳಿಸಿರುತ್ತದೆ. ಮರಿಗೆ ಮೊದಲ ದಿನಗಳಲ್ಲಿ ಅದೇ ಕಾವಲು. ತೀರ ಬೇಗ ಲಸಿಕೆ ಹಾಕಿದರೆ ತಾಯಿಯ ಪ್ರತಿಕಾಯ ಲಸಿಕೆಯ ವೈರಸ್ಸನ್ನೇ ಕೊಂದುಬಿಡುತ್ತದೆ. ತಡವಾದರೆ ನಿಜವಾದ ವೈರಸ್ ಮೊದಲು ಬರುತ್ತದೆ. ಮರಿಗಳ ಬಗ್ಗೆ ಗೊತ್ತಿರುವ ನಿಮ್ಮ ಡಾಕ್ಟರ್ ಹೇಳಿದ ದಿನವೇ ಸರಿ. ಮರಿ ಸತ್ತರೆ ಹೂತುಬಿಡುವ ಮೊದಲು ಅವರಲ್ಲಿಗೆ ಒಯ್ಯಿರಿ, ಮರಣೋತ್ತರ ಪರೀಕ್ಷೆ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಗಂಬೋರೊ ಹೊಸದಾಗಿ ಬಂದಿದ್ದರೆ ಚೀಲ ಊದಿ, ಮೇಲೆ ಹಳದಿ ಲೋಳೆ ಕಟ್ಟಿರುತ್ತದೆ. ದಿನ ಕಳೆದಿದ್ದರೆ ಕುಗ್ಗಿ ಸಣ್ಣಗಾಗಿರುತ್ತದೆ. ಕತ್ತಿನ ಎರಡೂ ಬದಿ ಮಣಿಗಳಂತೆ ಸಾಲಾಗಿರುವುದು ಥೈಮಸ್. ಅದನ್ನೂ ತೋರಿಸಿ ಎಂದು ಕೇಳಿ.